ಮೂರು ಸೀಟು

ಸಾಗರದ ಬಸ್ಸಿನಲ್ಲಿ ಮೂರು ಸೀಟು ಹಿಡಿದು
ಒಬ್ಬಳೇ ಹತ್ತಿದವಳು ನಫೀಸಾ.
ಕಂಡಕ್ಟರ್ ಕೆಂಚಪ್ಪ ಪಟ್ಟಿ ನೋಡಿದ, ಸೀಟು ನೋಡಿದ,
ಬಾಗಿಲ ಕಡೆ ಇನ್ನೊಮ್ಮೆ ನೋಡಿದ.
‘ಇನ್ನಿಬ್ರು ಎಲ್ಲಮ್ಮ?’
‘ಇನ್ನಿಬ್ರೂ ನಾನೇ.’

ತಪ್ಪು ಅವಳದಲ್ಲ. ಬಿ.ಎಚ್. ರಸ್ತೆಯ
ಟೈರ್ ಅಂಗಡಿಯ ಮೇಲಿನ ಕೋಣೆಯಲ್ಲಿ ಕೂತು
ಆ ಪುಟ ಕಟ್ಟಿದವನು ನಾನು.
ಖಾಲಿ ಸೀಟಿಗೆ ಹಸಿರು, ತುಂಬಿದ್ದಕ್ಕೆ ಬೂದಿ,
ಬೆರಳೊತ್ತಿದ್ದಕ್ಕೆ ಹಳದಿ.
ಆ ಹಳದಿಗೇ ಎರಡು ದಿನ ಹಿಡಿದಿತ್ತು:
ಅರಿಶಿನವೆಂದರೆ ಹೆಚ್ಚು, ನಿಂಬೆಯೆಂದರೆ ಕಡಿಮೆ.
ದುಡ್ಡು ದಾಟುವಾಗ ಮಧ್ಯದಲ್ಲೊಂದು ಪುಟ್ಟ ಚಕ್ರ.

ಅವಳ ಫೋನು ಓದಿದ್ದಿಷ್ಟು:
ಬಟನ್. ಬಟನ್. ಬಟನ್.
ನಲವತ್ತು ಸೀಟಿಗೆ ನಲವತ್ತು ಸಲ,
ದರ್ಜಿ ಅಂಗಡಿಯ ಹುಡುಗ ಗುಂಡಿ ಎಣಿಸಿದ ಹಾಗೆ.
ಅಂದಾಜಿನಲ್ಲಿ ಒಂದನ್ನು ಒತ್ತಿದಳು, ಹಣ ಕಟ್ಟಿದಳು.
ಚಕ್ರ ತಿರುಗಿತು. ಸದ್ದಿಲ್ಲ.
ಮತ್ತೆ ಕಟ್ಟಿದಳು. ಸದ್ದಿಲ್ಲ.
ಮೂರನೇ ಸಲಕ್ಕೆ ಬ್ಯಾಂಕಿನ ಮೆಸೇಜು ಬಂತು,
ಮೂರೂ ಒಟ್ಟಿಗೆ.

ಮರುವಾರ ಕೋಲು ಬಡಿಯುತ್ತ ಮೆಟ್ಟಿಲು ಹತ್ತಿದಳು.
‘ಹತ್ತೊಂಬತ್ತು. ಹದಿಮೂರನೇದು ಒಡೆದಿದೆ’ ಅಂದಳು,
ಆರು ವರ್ಷದಿಂದ ಹತ್ತಿಳಿಯುವ ನನಗೆ.
ಬೈಯಲಿಲ್ಲ. ಕೂತು ನೀರು ಕೇಳಿದಳು.
‘ನಾನು ಆಸ್ಪತ್ರೆಯಲ್ಲಿ ಟೆಲಿಫೋನ್ ಆಪರೇಟರು.
ದಿನಕ್ಕೆ ಮುನ್ನೂರು ಸಲ ಅಂತೀನಿ:
ತಡೀರಿ, ಲೈನ್ ಕೊಡ್ತಿದ್ದೀನಿ.
ಅಷ್ಟಂದರೆ ಜನ ಕಾಯ್ತಾರೆ.
ಸುಮ್ಮನಿದ್ದರೆ ಇಟ್ಟು ಮತ್ತೆ ಮಾಡ್ತಾರೆ.’

ಆಮೇಲೆ ಕೇಳಿದಳು,
ಬಸ್ ಸ್ಟ್ಯಾಂಡಲ್ಲಿ ಸೀಟು ಹೆಂಗೆ ಹಿಡೀತಾರೆ?
ಕಿಟಕಿಯಿಂದ ಟವೆಲ್ ಹಾಕಿ, ಅಂದೆ.
‘ಹೂಂ. ಆ ಟವೆಲ್ ನನ್ನ ಕೈಗೂ ಸಿಗುತ್ತೆ.
ಒದ್ದೆಯಿದ್ದರೆ, ಈಗ ತಾನೇ ಯಾರೋ ಮುಖ ತೊಳೆದವರು
ಅಂತಲೂ ಗೊತ್ತಾಗುತ್ತೆ.
ನಿಮ್ಮ ಹಳದಿ ಎಲ್ಲಿ ಸಿಗುತ್ತೆ?’

ಅಂದು ರಾತ್ರಿಯೇ ಬರೆದೆ:
ಹಸಿರು ಬಣ್ಣದ ಚೌಕ, ಅಂಚು ದುಂಡಗೆ.
ನಕ್ಕುಬಿಟ್ಟಳು. ‘ಬಣ್ಣ ಕಟ್ಟಿಕೊಂಡು ಏನು ಮಾಡಲಿ ಮಾರಾಯ,
ಖಾಲಿಯೋ ಅಲ್ಲವೋ ಹೇಳು.’
ಬಹುವಚನ ಆವತ್ತಿಗೆ ಮುಗಿಯಿತು.
ಮುಂದಿನ ಸಲ ಎಲ್ಲವನ್ನೂ ಹೇಳಿಸಿದೆ, ಪ್ರತಿ ಬದಲಾವಣೆಯನ್ನೂ,
ಮೀನು ಮಾರ್ಕೆಟ್ಟಿನ ಹರಾಜಿನ ಹಾಗೆ.
ಕಿವಿ ಮುಚ್ಚಿಕೊಂಡಳು.
‘ನಾನು ಓದುವಾಗ ಮಧ್ಯೆ ಬಾಯಿ ಹಾಕಬೇಡ.
ಮುಗಿಯಲಿ, ಆಮೇಲೆ ಹೇಳು.
ದುಡ್ಡು ಹೋಗದೆ ನಿಂತರೆ
ಆಗ ಮಾತ್ರ ಅಡ್ಡ ಬಾ.’

ಹೀಗೆ ಉಳಿದದ್ದು ಕೆಲವೇ ಪದ:
ಹನ್ನೆರಡು. ಕಿಟಕಿ. ಖಾಲಿ.
ಒತ್ತಿದರೆ, ಹಿಡಿದಾಯಿತು.
ಇನ್ನೊಮ್ಮೆ ಒತ್ತಿದರೆ, ಬಿಟ್ಟಾಯಿತು.
ಹಣ ಹೋಗುತ್ತಿದೆ, ತಡೆಯಿರಿ.
ಹಳದಿಗಿಂತ ಹೆಚ್ಚು ದಿನ ಹಿಡಿಯಿತು.

ಒಂದು ಮಾತ್ರ ಬಗೆಹರಿಯಲಿಲ್ಲ.
ಇನ್ಯಾರೋ ಒತ್ತಿ, ದುಡ್ಡು ಕಟ್ಟದೆ,
ಐದು ನಿಮಿಷ ಯೋಚಿಸುತ್ತಿರುವ ಸೀಟು,
ಹಸಿರೂ ಅಲ್ಲದ ಬೂದಿಯೂ ಅಲ್ಲದ ಸೀಟು.
ಅದಕ್ಕೇನನ್ನಲಿ?
ನಫೀಸಾ ಲೋಟ ಕೆಳಗಿಟ್ಟಳು:
‘ಟವೆಲ್ ಬಿದ್ದಿದೆ.’

ಮಾಲೀಕ ಗಜಾನನ ಶೇಟರು ಒಪ್ಪಲಿಲ್ಲ.
‘ಟವೆಲ್ ಅಂತ ಯಾರಾದ್ರೂ ಬರೀತಾರೇನ್ರಿ?
ಕಾಯ್ದಿರಿಸುವಿಕೆ ಪ್ರಗತಿಯಲ್ಲಿದೆ, ಅನ್ನಿ.’
ಕಣ್ಣಿಗೆ ಕಾಣುವಲ್ಲಿ ಹಾಗೇ ಬರೆದೆ.
ಕಿವಿಗೆ ಕೇಳುವಲ್ಲಿ ಅವರು ಇಣುಕುವುದಿಲ್ಲ.

ಅಂದಹಾಗೆ ಆ ಮೂರು ಸೀಟು:
ಒಂದು ಕುಂಸಿಯಲ್ಲಿ ಹತ್ತಿದ ಬಾಣಂತಿಗೆ ಹೋಯಿತಂತೆ.
ಇನ್ನೊಂದರಲ್ಲಿ ಕೆಂಚಪ್ಪನೇ ಕೂತು
ಆನಂದಪುರದ ತನಕ ಚಿಲ್ಲರೆ ಎಣಿಸಿದನಂತೆ.
ಎರಡು ಸಲ ಲೆಕ್ಕ ತಪ್ಪಿತು.
‘ಐದರ ನಾಣ್ಯವನ್ನ ಎರಡು ಅಂತ ಹಾಕಿದೆಯಣ್ಣ,’
ಕಿಟಕಿ ಕಡೆಯಿಂದ ಇವಳೇ ತಿದ್ದಿದಳಂತೆ, ಸದ್ದು ಕೇಳಿ.

ಈಗ ಕೆಲಸ ಮುಗಿದ ಮೇಲೆ ದೀಪ ಆರಿಸಿ
ಸ್ಕ್ರೀನು ಕಪ್ಪಾಗಿಸಿ ಒಮ್ಮೆ ಕೇಳುತ್ತೇನೆ.
ಹದಿಮೂರು. ತುಂಬಿದೆ.
ಹದಿನಾಲ್ಕು. ಕಿಟಕಿ. ಟವೆಲ್ ಬಿದ್ದಿದೆ.
ಕಾಯುತ್ತೇನೆ.
ಕೆಳಗೆ ಟೈರ್ ಅಂಗಡಿಯ ಷಟರ್ ಎಳೆಯುವ ಸದ್ದು.
ಹದಿನಾಲ್ಕು. ಖಾಲಿ.
ಯಾರೋ ಎಲ್ಲೋ ಮನಸ್ಸು ಬದಲಿಸಿದರು.